ಅತ್ತಿಗೆಯ ದನಿ ಬಿದ್ದುಹೋದಾಗ

ನನ್ನ ಅತ್ತಿಗೆಯ ದನಿ ಎಂಥದೆಂದು ಹೇಳದೆ ಈ ಕಥೆ ಶುರು ಮಾಡುವ ಹಾಗಿಲ್ಲ. ನಮ್ಮ ಲಾಂಡ್ರಿಯಲ್ಲಿ ಆಳೆತ್ತರದ ಒಗೆಯುವ ಯಂತ್ರಗಳಿದ್ದವು. ಎಲ್ಲವೂ ಒಟ್ಟಿಗೆ ತಿರುಗತೊಡಗಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ಅಲ್ಲಿ ಕೆಲಸಕ್ಕೆ ಸೇರಿದವರೆಲ್ಲ ಬೇಗ ಕಲಿತುಬಿಡುತ್ತಿದ್ದರು. ಅತ್ತಿಗೆಯ ತುಟಿಯನ್ನು ಮಾತ್ರ ಯಾರೂ ನೋಡಬೇಕಾಗಿರಲಿಲ್ಲ. ಆಕೆ ಬಾಗಿಲಲ್ಲಿ ನಿಂತು ಕರೆದರೆ ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುವವರು ತಿರುಗಿ ನೋಡುತ್ತಿದ್ದರು. ಬೀದಿಯ ಆಚೆಯ ಬೀಗದ ಅಂಗಡಿಯವನೂ ಒಮ್ಮೊಮ್ಮೆ "ಏನಕ್ಕಾ?" ಎಂದು ಓಡಿ ಬರುತ್ತಿದ್ದ.

ಲಾಂಡ್ರಿ ಅವಳೇ ಕಟ್ಟಿದ್ದು. ಮದುವೆಯಾದ ಹೊಸದರಲ್ಲಿ ಮನೆಯ ಹಿಂದಿನ ಕಲ್ಲಿನ ಮೇಲೆ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಹಾಸುಬಟ್ಟೆ ಒಗೆದುಕೊಡುತ್ತಿದ್ದಳಂತೆ. ಆಮೇಲೆ ಒಂದು ಹಳೆಯ ಯಂತ್ರ, ಆಮೇಲೆ ಇನ್ನೊಂದು, ಆಮೇಲೆ ಬೀದಿಯ ತುದಿಯ ಈ ಉದ್ದನೆಯ ಕಟ್ಟಡ. ಕೆಳಗೆ ಲಾಂಡ್ರಿ, ಮೇಲೆ ನಮ್ಮ ಮನೆ. ಅಣ್ಣ ಬಟ್ಟೆ ಸಾಗಿಸುವ ವ್ಯಾನ್ ಓಡಿಸುತ್ತಾನೆ. ಮಾತು ಕಡಿಮೆ. "ಇವಳು ಇಬ್ಬರ ಪಾಲಿನದ್ದೂ ಆಡ್ತಾಳಲ್ಲ, ನಾನು ಯಾಕೆ ವ್ಯರ್ಥ ಮಾಡ್ಲಿ" ಎನ್ನುವುದು ಅವನ ಹಳೇ ಜೋಕು. ನಮ್ಮ ಅಮ್ಮ, ಅಂದರೆ ಅತ್ತಿಗೆಯ ಅತ್ತೆ, ಸೂಲಗಿತ್ತಿಯಾಗಿದ್ದವಳು. ಈಗ ಕಿಟಕಿಯ ಪಕ್ಕ ಕುಳಿತು ದಪ್ಪ ಅಕ್ಷರದ ಸತ್ಯವೇದ, ಅಂದರೆ ಬೈಬಲ್, ಓದುತ್ತಾ ಕೆಳಗೆ ಯಾರು ಬಂದರು ಯಾರು ಹೋದರು ಎಂದು ಲೆಕ್ಕವಿಡುತ್ತಾಳೆ.

ಗಂಡ ತೀರಿಕೊಂಡ ಮೇಲೆ ನಾನು ಒಂದು ಪೆಟ್ಟಿಗೆ ಹಿಡಿದು ಈ ಮನೆಗೆ ಬಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕುಳಿತು, ಅತ್ತಿಗೆಯ ಹತ್ತಿರ ಹೇಗೆ ಕೇಳಲಿ, ಯಾವ ಮಾತು ಮೊದಲು ಯಾವುದು ಆಮೇಲೆ ಎಂದು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡಿದ್ದೆ. ಬಾಗಿಲು ತೆರೆದವಳು ನನ್ನ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ, "ಒಳಗಡೆ ಕೋಣೆ ಗುಡಿಸಿಟ್ಟಿದ್ದೀನಿ. ನಾಳೆಯಿಂದ ಮುಂದಿನ ಮೇಜು ನಿನ್ನದು. ಊಟ ಆಯ್ತಾ?" ಎಂದಳು. ನಾನು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅಲ್ಲೇ ಕರಗಿಹೋಯಿತು. ಕೇಳುವುದಕ್ಕೆ ಮುಂಚೆ ಉತ್ತರ ಕೊಡುವ ಅವಳ ಗುಣ ಅಂದು ನನ್ನನ್ನು ಉಳಿಸಿತು. ಅದೇ ಗುಣ ಬೇರೆಯವರನ್ನು ಹೇಗೆ ನೋಯಿಸುತ್ತದೆಂದು ನನಗೆ ಗೊತ್ತಾಗಲು ವರ್ಷಗಳು ಬೇಕಾದವು.

ವ್ಯವಹಾರದಲ್ಲಿ ಅತ್ತಿಗೆ ಬೆಂಕಿಯಷ್ಟು ಶುದ್ಧ. ಏನೇ ಕೆಲಸ ಮಾಡಿದರೂ ಮನುಷ್ಯರಿಗಲ್ಲ, ಕರ್ತನಿಗೇ ಮಾಡುತ್ತಿದ್ದೇನೆಂದು ಮಾಡಬೇಕೆಂಬ ಮಾತನ್ನು ಆಕೆ ಗೋಡೆಯ ಮೇಲೆ ಬರೆಸಲಿಲ್ಲ, ಮಾಡಿ ತೋರಿಸುತ್ತಿದ್ದಳು. ಸಾಬೂನಿನಲ್ಲಿ ಮೋಸವಿಲ್ಲ. ಆಸ್ಪತ್ರೆಯ ಬಟ್ಟೆಯನ್ನು ಕೊನೆಯ ಸಲ ಜಾಲಾಡಿಸುವುದನ್ನು ಒಂದು ದಿನವೂ ಬಿಟ್ಟವಳಲ್ಲ. "ಇದು ಹೊಸದಾಗಿ ಹುಟ್ಟಿದ ಕೂಸಿನ ಮೈಗೆ ತಾಗೋ ಬಟ್ಟೆ. ಸಾಬೂನು ಉಳಿದ್ರೆ ಆ ಕೂಸು ನನಗೆ ಬೈಯೋಕೆ ಬರುತ್ತಾ? ಅದರ ದೇವರು ಬರ್ತಾನೆ" ಎನ್ನುತ್ತಿದ್ದಳು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಬಾಯ್ಲರ್ ಪಕ್ಕದಲ್ಲಿ ನಿಂತು ಚಿಕ್ಕದೊಂದು ಪ್ರಾರ್ಥನೆ. ಇಷ್ಟವಿದ್ದವರು ನಿಲ್ಲಬಹುದು, ಇಲ್ಲದವರು ಹೊರಗೆ ಚಹಾ ಕುಡಿಯಬಹುದು. ನಿಲ್ಲದವರಿಗೆ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ಭೇದವಿರಲಿಲ್ಲ. ಬಾಯ್ಲರ್ ನೋಡಿಕೊಳ್ಳುವಾತ, ನಾವು ಬಾಯ್ಲರ್ ಮಾಮ ಎಂದು ಕರೆಯುವವರು, ಯಾವ ದೇವರನ್ನೂ ನಂಬದ ಮನುಷ್ಯ. ಆದರೂ ಪ್ರಾರ್ಥನೆಗೆ ತಪ್ಪದೆ ನಿಲ್ಲುತ್ತಿದ್ದರು. "ನಿಮ್ಮ ದೇವರು ಬಾಯ್ಲರ್ ಕಾದ್ರೆ ನನಗೇನು ನಷ್ಟ" ಎನ್ನುವರು.

ಇಷ್ಟೆಲ್ಲ ಇದ್ದೂ ಅತ್ತಿಗೆಯ ಮೇಜಿನ ಮುಂದೆ ಸದಾ ಒಂದು ಸಾಲು. ಯಾವ ಬಟ್ಟೆ ಮೊದಲು, ಯಾರಿಗೆ ರಜೆ, ಸೋರುವ ನಲ್ಲಿಗೆ ಏನು ಮಾಡುವುದು, ಮಡಚುವ ಮೇಜಿನ ಹತ್ತಿರ ಯಾರು ಯಾರನ್ನು ಏನಂದರು, ಎಲ್ಲಕ್ಕೂ ಅವಳೇ. ಸಾಲಿನಲ್ಲಿ ನಿಂತವರು ಅರ್ಧ ವಾಕ್ಯ ಹೇಳುವಷ್ಟರಲ್ಲಿ ತೀರ್ಪು ಬಂದಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಹತ್ತರಲ್ಲಿ ಎಂಟು ಸಲ ಅವಳ ತೀರ್ಪು ಸರಿಯಾಗಿಯೇ ಇರುತ್ತಿತ್ತು. ತೊಂದರೆಯೆಲ್ಲ ಅಲ್ಲೇ ಇತ್ತು. ಉಳಿದ ಎರಡನ್ನು ನೋಡುವುದಕ್ಕೆ ಅವಳಿಗೆ ಕಾರಣವೇ ಇರಲಿಲ್ಲ.

ಅಮ್ಮ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದಳು. "ಸತ್ಯವೇದದಲ್ಲಿ ಮೋಶೆ ಬೆಳಗಿಂದ ಸಂಜೆ ತನಕ ಒಬ್ಬನೇ ಕೂತು ತನ್ನ ಹಿಂದೆ ಬಂದ ಅಷ್ಟೂ ಜನರ ಜಗಳ ತೀರಿಸ್ತಿದ್ನಂತೆ. ಅವನ ಮಾವ ಬಂದು ನೋಡಿ ಏನಂದ ಗೊತ್ತಾ? ಅಳಿಯಾ, ಇದು ಸರಿಯಿಲ್ಲಪ್ಪ. ನೀನೂ ಸುಸ್ತಾಗ್ತೀಯ, ನಿಂತೋರೂ ಸುಸ್ತಾಗ್ತಾರೆ. ನಂಬಿಕೆಯ ನಾಲ್ಕು ಜನರನ್ನ ನೋಡಿ ಹಂಚಿಕೊಡು ಅಂದ."

ಅತ್ತಿಗೆ ನಕ್ಕಳು. "ಮೋಶೆಯ ಬಾಗಿಲಿಗೆ ದಿನಾ ಆಸ್ಪತ್ರೆ ವ್ಯಾನ್ ಬಂದು ಹಾರ್ನ್ ಹೊಡೀತಿರ್ಲಿಲ್ಲ ಅತ್ತೆ."

"ಮಾವ ಹೇಳಿದ್ದನ್ನ ಅಳಿಯ ಕೇಳ್ದ. ಅತ್ತೆ ಹೇಳಿದ್ದನ್ನ ಸೊಸೆ ಕೇಳಿದ್ದು ಎಲ್ಲಾದ್ರೂ ಉಂಟಾ?" ಎಂದು ಅಮ್ಮ ತಟ್ಟೆ ತೊಳೆಯಲು ಎದ್ದಳು.

ಅದಾಗಿ ಸ್ವಲ್ಪ ದಿನಕ್ಕೆ ಇಸ್ತ್ರಿಯಕ್ಕನ ವಿಷಯ ನಡೆಯಿತು. ಎರಡು ಬಿಸಿ ಉರುಳೆಗಳ ನಡುವೆ ಹಾಸುಬಟ್ಟೆ ನೀಡಿ ಆಚೆಯಿಂದ ಗರಿಗರಿಯಾಗಿ ಎಳೆದುಕೊಳ್ಳುವ ದೊಡ್ಡ ಇಸ್ತ್ರಿ ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಆಕೆ. ಮಾತು ನಿಧಾನ. ಒಂದು ವಿಷಯ ಹೇಳಬೇಕಾದರೆ ಅದರ ಅಜ್ಜಿಯ ಕಾಲದಿಂದ ಶುರು ಮಾಡುವವಳು. ಅತ್ತಿಗೆಗೆ ಅವಳ ಮಾತಿಗೆ ಕಾಯುವುದೆಂದರೆ ಬೆಂಕಿಯ ಮೇಲೆ ನಿಂತ ಹಾಗೆ. ಆ ವಾರ ಶಸ್ತ್ರಚಿಕಿತ್ಸೆ ಕೋಣೆಯ ಹಾಸುಬಟ್ಟೆಗಳ ಮೇಲೆ ಕಂದು ಬಣ್ಣದ ಸುಟ್ಟ ಪಟ್ಟೆಗಳು ಕಾಣಿಸಿಕೊಂಡವು. ಆಸ್ಪತ್ರೆಯವರು ಮೊದಲ ಸಲ ಫೋನು ಮಾಡಿದರು, ಎರಡನೆಯ ಸಲ ಬಟ್ಟೆಯನ್ನೇ ವಾಪಸು ಕಳಿಸಿದರು. ಮೂರನೆಯ ಸಲ ಬಂದಾಗ ಅತ್ತಿಗೆ ಆ ಬಟ್ಟೆಯನ್ನು ಎಲ್ಲರ ಮುಂದೆ ಮೇಜಿನ ಮೇಲೆ ಹರಡಿದಳು.

"ಇದೇನಿದು?"

"ಅಕ್ಕಾ, ಅದೇ ಹೇಳೋಣ ಅಂತ ಮೊನ್ನೆಯಿಂದ... ಆ ಯಂತ್ರ ಊಟದ ಹೊತ್ತಾದ ಮೇಲೆ..."

"ಊಟದ ಹೊತ್ತಾದ ಮೇಲೆ ನಿನ್ನ ಗಮನ ಎಲ್ಲಿರುತ್ತೆ ಅಂತ ನನಗೆ ಗೊತ್ತಿಲ್ವಾ? ಯಂತ್ರದ ಮೇಲೆ ಹಾಕ್ಬೇಡ."

"ಹಾಗಲ್ಲ ಅಕ್ಕ, ನೀವು ಸ್ವಲ್ಪ..."

"ಮೂರು ಸಲ ಆಯ್ತು. ಸಾಕು. ಈ ತಿಂಗಳದ್ದು ಪೂರ್ತಿ ತಗೊಂಡು ಹೋಗು."

ಇಸ್ತ್ರಿಯಕ್ಕ ಏಪ್ರನ್ ಬಿಚ್ಚಿ, ಅದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಹೋದಳು. ಸಾಲಿನಲ್ಲಿದ್ದವರೆಲ್ಲ ನೆಲ ನೋಡುತ್ತಿದ್ದರು. ನಾನೂ.

ಅತ್ತಿಗೆಯ ಗಂಟಲು ಮೊದಲೇ ಒಡೆದ ಬಿದಿರಿನ ಹಾಗಾಗಿತ್ತು. ಬಿಸಿನೀರು, ಉಪ್ಪುನೀರು, ಜೇನು ಎಲ್ಲ ಆಯಿತು. ಒಂದು ಬೆಳಿಗ್ಗೆ ಬಾಯ್ಲರ್ ಪಕ್ಕದಲ್ಲಿ ನಿಂತು "ಕರ್ತನೇ" ಎಂದಳು, ಅಷ್ಟೇ. ಮುಂದಕ್ಕೆ ಬರೀ ಗಾಳಿ. ಬಾಯಿ ಆಡುತ್ತಿದೆ, ದನಿಯಿಲ್ಲ. ನಾವು ಭಕ್ತಿ ಹೆಚ್ಚಾಗಿ ಮೌನ ಪ್ರಾರ್ಥನೆ ಮಾಡುತ್ತಿದ್ದಾಳೆಂದುಕೊಂಡು ಕಣ್ಣು ಮುಚ್ಚಿಯೇ ನಿಂತಿದ್ದೆವು. ಬಾಯ್ಲರ್ ಮಾಮ ಒಬ್ಬರೇ ಕಣ್ಣು ಬಿಟ್ಟಿದ್ದವರು. "ಏ, ಅಕ್ಕನಿಗೆ ಏನೋ ಆಗಿದೆ" ಎಂದು ಅವರೇ ಕೂಗಿದ್ದು.

ಗಂಟಲಿನ ಡಾಕ್ಟರು ಕೊಳವೆಯೊಂದನ್ನು ಇಳಿಸಿ ನೋಡಿದರು. ದನಿ ಹುಟ್ಟುವ ತಂತುಗಳ ಮೇಲೆ ಗಂಟುಗಳು ಎದ್ದಿವೆ ಎಂದರು. "ವರ್ಷಗಟ್ಟಲೆ ಕೂಗಿದ ಗಂಟಲು ಇದು. ಏನು ಕೆಲಸ ಇವರದ್ದು?" ಅಣ್ಣ ಹೇಳಿದ. ಡಾಕ್ಟರು ತಲೆಯಾಡಿಸಿದರು. "ನಾನು ಮತ್ತೆ ನೋಡೋ ತನಕ ಒಂದು ಮಾತೂ ಆಡ್ಬಾರ್ದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಬಾಯಿಗೆ ಬೀಗ. ಇಲ್ಲ ಅಂದ್ರೆ ಕತ್ತರಿ ಹಾಕ್ಬೇಕಾಗುತ್ತೆ, ಆಮೇಲೆ ದನಿ ಹೇಗಿರುತ್ತೋ ನಾನು ಮಾತು ಕೊಡಲ್ಲ."

ವಾಪಸು ಬರುವಾಗ ವ್ಯಾನಿನಲ್ಲಿ ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಲಾಂಡ್ರಿಯ ಚಿಂತೆ ಒಂದು. ಚರ್ಚಿನ ಹಾಡಿನ ತಂಡದಲ್ಲಿ ಮುಂದಿನ ಸಾಲಿನ ದನಿ ಅವಳದೇ, ಆ ಚಿಂತೆ ಇನ್ನೊಂದು. ಅಣ್ಣ ಗಾಡಿ ಓಡಿಸುತ್ತಲೇ, "ನಾನು ಇಷ್ಟು ವರ್ಷ ಮಾತಾಡದೇ ಬದುಕಿಲ್ವಾ? ಏನೂ ಆಗಲ್ಲ" ಎಂದ. ಅವಳು ಅಳುತ್ತಲೇ ಅವನ ತೋಳಿಗೆ ಗುದ್ದಿದಳು.

ಮಾರನೆಯ ದಿನ ಕೊರಳಿಗೆ ಒಂದು ಚಿಕ್ಕ ಸ್ಲೇಟು ನೇತುಹಾಕಿಕೊಂಡು ಕೆಳಗಿಳಿದಳು. ಸಾಲು ಎಂದಿನಂತೆ ನಿಂತಿತ್ತು. ಮೊದಲು ಬಂದವಳು ಮಡಚುವ ಮೇಜಿನ ಅಕ್ಕತಂಗಿಯರಲ್ಲಿ ತಂಗಿ. "ಅಕ್ಕಾ, ನನ್ನಕ್ಕ ದಿಂಬಿನ ಚೀಲ ಎಲ್ಲ ನನ್ನ ಕಡೆಗೇ ತಳ್ತಾಳೆ" ಎಂದಳು. ಎಂದಿನ ಅಭ್ಯಾಸದಂತೆ ತೀರ್ಪಿಗಾಗಿ ನಿಂತಳು. ಅತ್ತಿಗೆ ಬಳಪ ಹಿಡಿದು ಬರೆಯತೊಡಗಿದಳು. ಬರೆಯುವುದು ನಿಧಾನ, ಅಕ್ಷರ ದುಂಡಗೆ ಬರಬೇಕೆಂಬ ಹಟ ಬೇರೆ. ಅಷ್ಟು ಹೊತ್ತು ಸುಮ್ಮನೆ ನಿಲ್ಲುವುದಕ್ಕೆ ತಂಗಿಗೆ ಆಗಲಿಲ್ಲ. "ಅಂದ್ರೆ... ಅವಳಿಗೆ ಭುಜ ನೋವು. ದೊಡ್ಡ ಬಟ್ಟೆ ಎತ್ತೋಕೆ ಆಗಲ್ಲ, ಚಿಕ್ಕದ್ದು ಇಟ್ಕೋ ಅಂದ್ರೆ ಕೇಳಲ್ಲ. ಹಟ. ನಿಮಗೆ ಹೇಳ್ಬೇಡ ಅಂದಿದ್ಳು." ಬಳಪ ನಿಂತಿತು. ತಂಗಿ ಇನ್ನಷ್ಟು ಹೊತ್ತು ನಿಂತು, "ಹೀಗ್ಮಾಡ್ತೀನಿ. ಅವಳನ್ನ ಕೂತು ಮಾಡೋ ಕೆಲಸಕ್ಕೆ ಹಾಕಿ, ದೊಡ್ಡದ್ದಕ್ಕೆ ನಾನು ಬೇರೆಯವರನ್ನ ಸೇರಿಸ್ಕೊಳ್ತೀನಿ. ಸರಿನಾ?" ಎಂದಳು. ಅತ್ತಿಗೆ ತಲೆಯಾಡಿಸಿದಳು. ಅವಳು ಹೋದ ಮೇಲೆ ಸ್ಲೇಟು ನೋಡಿದೆ. "ಜಗಳ ಆಡಬೇಡಿ, ಇಬ್ಬರೂ ಸಮ..." ಎಂದು ಅರ್ಧ ಬರೆದಿತ್ತು. ಅದನ್ನು ಸೆರಗಿನಿಂದ ಒರೆಸುವಾಗ ಅತ್ತಿಗೆಯ ಕಿವಿ ಕೆಂಪಾಗಿತ್ತು.

ಹೀಗೇ ನಡೆಯಿತು. ಅವಳು ಬರೆದು ಮುಗಿಸುವಷ್ಟರಲ್ಲಿ ಜನ ತಾವು ಹೇಳಬಾರದೆಂದುಕೊಂಡಿದ್ದನ್ನೂ ಹೇಳಿ, ತಮ್ಮ ತಮ್ಮ ಉಪಾಯವನ್ನೂ ತಾವೇ ಕಂಡುಕೊಂಡು ಹೋಗುತ್ತಿದ್ದರು. ಕೆಲವರು ಅವಳ ಮೌನಕ್ಕೆ ಹೆದರಿ ಸಾಲಿಗೇ ಬರಲಿಲ್ಲ. ತಾವೇ ಏನೋ ಮಾಡಿಕೊಂಡರು, ಒಂದೆರಡು ಕೆಡಿಸಿಯೂಬಿಟ್ಟರು. ಮಕ್ಕಳ ವಾರ್ಡಿನ ಹಾಸುಬಟ್ಟೆಗಳೆಲ್ಲ ಒಂದು ದಿನ ನಸುಗುಲಾಬಿಯಾಗಿ ಹೊರಬಂದವು, ಯಾರೋ ಕೆಂಪು ಹೊದಿಕೆ ಸೇರಿಸಿದ್ದರು. ಅತ್ತಿಗೆ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು, ಬಾಯಿ ತೆರೆದಳು, ಮುಚ್ಚಿದಳು. ಬೈಗುಳ ಬರೆಯುವುದು ಎಷ್ಟು ಕಷ್ಟವೆಂದು ಅವಳಿಗೆ ಆಗ ಗೊತ್ತಾಯಿತು. ಬರೆದು ಮುಗಿಯುವಷ್ಟರಲ್ಲಿ ಸಿಟ್ಟು ತಣ್ಣಗಾಗಿರುತ್ತಿತ್ತು.

ಸುಟ್ಟ ಪಟ್ಟೆ ಮತ್ತೆ ಬಂತು. ಇಸ್ತ್ರಿಯಕ್ಕನ ಜಾಗಕ್ಕೆ ಬಂದಿದ್ದ ಹೊಸ ಹೆಂಗಸು ಬಟ್ಟೆ ಹಿಡಿದು ಮೇಜಿನ ಮುಂದೆ ನಿಂತಳು. "ನಾನು ಏನೂ ಮಾಡಿಲ್ಲ ಅಕ್ಕ. ಬೆಳಿಗ್ಗೆಯೆಲ್ಲ ಚೆನ್ನಾಗಿರುತ್ತೆ. ಮಧ್ಯಾಹ್ನದ ಮೇಲೆ ಒಂದು ಕಡೆ ಮಾತ್ರ ಬಿಸಿ ಏರುತ್ತೆ." ಅತ್ತಿಗೆ ಬಳಪವನ್ನೇ ಮುಟ್ಟಲಿಲ್ಲ. ಸುಮ್ಮನೆ ಅವಳನ್ನು ನೋಡುತ್ತಿದ್ದಳು. ಹಿಂದೆ ನಿಂತಿದ್ದ ಬಾಯ್ಲರ್ ಮಾಮ ಗಂಟಲು ಸರಿಮಾಡಿಕೊಂಡರು.

"ಅವಳೂ ಇದನ್ನೇ ಹೇಳಿದ್ಳು."

ಅತ್ತಿಗೆ ಯಾರು ಎಂಬಂತೆ ಹುಬ್ಬೇರಿಸಿದಳು.

"ಇಸ್ತ್ರಿಯಕ್ಕ. ನಿಮಗೆ ಹೇಳೋಕೆ ಎರಡು ಸಲ ಸಾಲಲ್ಲಿ ನಿಂತಿದ್ಳು, ನಾನು ಹಿಂದೇನೇ ಇದ್ದೆ. ನೀವು ಅವಳ ಬಾಯಿಂದ ಎರಡು ಪದ ಆಚೆ ಬರೋಕೆ ಬಿಡ್ಲಿಲ್ಲ." ಸುಟ್ಟ ಪಟ್ಟೆಯ ಮೇಲೆ ಬೆರಳಾಡಿಸುತ್ತಾ, "ನಾನಾದ್ರೂ ಹೇಳ್ಬೇಕಿತ್ತು. ಹೇಳಿದ್ರೆ ಕೇಳ್ತೀರ ಅಂತ ಅನಿಸ್ಲಿಲ್ಲ" ಎಂದರು.

ಮೆಕ್ಯಾನಿಕ್ ಬಂದು ಯಂತ್ರ ಬಿಚ್ಚಿದ. ಬಿಸಿಯನ್ನು ಹದದಲ್ಲಿಡುವ ಭಾಗ ಒಂದು ಕಡೆ ಕೆಟ್ಟುಹೋಗಿತ್ತು. ಹೊಸದು ಹಾಕಿ, ಒಂದು ಹಾಸುಬಟ್ಟೆ ಎಳೆದು ತೋರಿಸಿದ. ಹಾಲಿನಂತೆ ಬಿಳಿ. ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಅತ್ತಿಗೆ ಆ ಬಿಳಿಯ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಬುಟ್ಟಿಯ ಮೇಲೆ ಕುಳಿತಳು. ಆ ರಾತ್ರಿ ಊಟ ಮಾಡಲಿಲ್ಲ. ಅಮ್ಮ ತನ್ನ ಸತ್ಯವೇದ ತಂದು ಅವಳ ಮುಂದೆ ತೆರೆದಿಟ್ಟು, ಜ್ಞಾನೋಕ್ತಿಗಳ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಪೂರ್ತಿ ಕೇಳದೆ ಉತ್ತರ ಕೊಡುವವನಿಗೆ ಮೂರ್ಖತನವೇ ಸಂಪಾದನೆ, ನಾಚಿಕೆಯೇ ಕೂಲಿ ಎಂಬ ಅರ್ಥದ ಮಾತು. ಅತ್ತಿಗೆ ಅದನ್ನು ಓದಿ ಪುಸ್ತಕ ಮುಚ್ಚಿದಳು. ಅಮ್ಮನಿಗೆ ಸ್ವಲ್ಪ ಅತಿಯಾಯಿತೆಂದು ಅನಿಸಿರಬೇಕು. "ನಾನೂ ಹೀಗೇ ಇದ್ದೆ, ಬಿಡು. ಹೆರೋಳು ಕಿರುಚೋಕ್ಕೆ ಮುಂಚೆ ನಾನೇ ಕಿರುಚ್ತಿದ್ದೆ" ಎಂದಳು.

ಆ ಭಾನುವಾರ ಚರ್ಚಿನಲ್ಲಿ ಅತ್ತಿಗೆ ಹಾಡುವವರ ಜೊತೆ ನಿಲ್ಲದೆ ನಮ್ಮ ಜೊತೆ ಬೆಂಚಿನಲ್ಲಿ ಕುಳಿತಿದ್ದಳು. ಅಂದಿನ ಪಾಠವೂ ಯಾರೋ ಆರಿಸಿ ಕೊಟ್ಟ ಹಾಗಿತ್ತು. ಕಾಣಿಕೆ ಅರ್ಪಿಸಲು ಹೋದಾಗ ಒಬ್ಬರಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ಅವರ ಜೊತೆ ರಾಜಿಯಾಗು, ಆಮೇಲೆ ಬಾ ಎಂದು ಯೇಸುಸ್ವಾಮಿ ಹೇಳಿದ್ದನ್ನು ಪಾಸ್ಟರು ವಿವರಿಸುತ್ತಿದ್ದರು. ಪಾಸ್ಟರ ಮಾತು ಇನ್ನೂ ಮುಗಿದಿರಲಿಲ್ಲ. ಅತ್ತಿಗೆ ಕಾಣಿಕೆಯ ಲಕೋಟೆಯನ್ನು ಬೆಂಚಿನ ಮೇಲಿಟ್ಟು ಎದ್ದು ಹೊರಟೇಬಿಟ್ಟಳು. ಅಣ್ಣ ನನ್ನ ಮುಖ ನೋಡಿದ. "ನಡಿ, ವ್ಯಾನ್ ತೆಗೀಬೇಕು" ಎಂದ. ಅಮ್ಮ ಮಾತ್ರ ಕದಲಲಿಲ್ಲ. "ನೀವು ಹೋಗಿ. ನನಗೆ ಯಾರ ಮೇಲೂ ಬೇಸರ ಇಲ್ಲ, ಯಾರಿಗಾದ್ರೂ ನನ್ನ ಮೇಲಿದ್ರೆ ಇಲ್ಲಿಗೇ ಬರ್ಲಿ" ಎಂದು ಪಿಸುಗುಟ್ಟಿದಳು.

ಇಸ್ತ್ರಿಯಕ್ಕನ ಮನೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಹೋದಾಗ ಅವಳು ಮನೆಯ ಮುಂದಿನ ಉದ್ದ ಮೊಗಸಾಲೆಯಲ್ಲಿ ಹಗ್ಗದಿಂದ ಒಣಗಿದ ಹೊದಿಕೆ ತೆಗೆಯುತ್ತಿದ್ದಳು. ಅತ್ತಿಗೆಯನ್ನು ನೋಡಿ ಕೈ ನಿಂತಿತು. "ಬನ್ನಿ" ಎನ್ನಲಿಲ್ಲ.

"ಅತ್ತಿಗೆಗೆ ಗಂಟಲು ಹೋಗಿದೆ. ಮಾತಾಡೋ ಹಾಗಿಲ್ಲ" ಎಂದೆ ನಾನು.

ಅವಳು ಒಂದು ಕ್ಷಣ ನಂಬಲಿಲ್ಲ. ಆಮೇಲೆ, "ಓಹೋ. ಹಾಗಾದ್ರೆ ಇವತ್ತು ನಾನು ಮಾತಾಡ್ಬಹುದು" ಎಂದಳು.

ಮಾತಾಡಿಯೂಬಿಟ್ಟಳು. ಅವಳ ರೀತಿಯಲ್ಲೇ, ಅಜ್ಜಿಯ ಕಾಲದಿಂದ. ಆ ಯಂತ್ರ ಲಾಂಡ್ರಿಗೆ ಬಂದ ದಿನ ತಾನೇ ಅದನ್ನು ಒರೆಸಿ ನಿಲ್ಲಿಸಿದ್ದು, ಅದರ ಒಂದೊಂದು ಸದ್ದೂ ತನಗೆ ಗೊತ್ತಿದ್ದದ್ದು, ಮೊದಲ ಪಟ್ಟೆ ಬಿದ್ದ ದಿನವೇ ಹೇಳಲು ಬಂದದ್ದು, "ಆಮೇಲೆ" ಎಂದು ಕಳಿಸಿದ್ದು, ಮತ್ತೆ ಬಂದದ್ದು, ಕೊನೆಗೆ ಎಲ್ಲರೆದುರು ಬಟ್ಟೆ ಹರಡಿ ಕೇಳಿದ್ದು. "ಗಮನ ಎಲ್ಲಿರುತ್ತೆ ಅಂದ್ರಿ. ನನ್ನ ಗಮನ ಆ ಯಂತ್ರ ಬಿಟ್ಟು ಎಲ್ಲೂ ಇರ್ಲಿಲ್ಲ. ಮನೆಗೆ ಬಂದು ಮಕ್ಕಳಿಗೆ ಏನು ಹೇಳ್ಲಿ? ಬಟ್ಟೆ ಸುಟ್ಟೆ ಅಂತಲಾ?" ದನಿ ಏರುತ್ತಿತ್ತು. ಪಕ್ಕದ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.

ಮಾತಿನ ನಡುವೆ ಕೈ ಸುಮ್ಮನಿರದೆ ಹೊದಿಕೆಯನ್ನು ಹಗ್ಗದಿಂದ ಎಳೆದಳು. ಅದರ ಇನ್ನೊಂದು ತುದಿ ನೆಲಕ್ಕೆ ಬೀಳುವುದರಲ್ಲಿತ್ತು. ಅತ್ತಿಗೆ ಅಭ್ಯಾಸಬಲದಿಂದ ಬಗ್ಗಿ ಆ ತುದಿ ಹಿಡಿದುಕೊಂಡಳು. ಇಬ್ಬರೂ ಲಾಂಡ್ರಿಯವರು, ಕೈಗೆ ಬಟ್ಟೆ ಸಿಕ್ಕರೆ ಮಡಚದೆ ಬಿಡುವವರಲ್ಲ. ಇವಳು ಎಳೆದು ಕೊಡವಿದಳು, ಅವಳು ಕೊಡವಿದಳು. ತುದಿಗೆ ತುದಿ ಸೇರಿಸಲು ಅತ್ತಿಗೆ ಮುಂದೆ ಬಂದಳು, ಹಿಂದೆ ಹೋದಳು, ಮತ್ತೆ ಬಂದಳು. ಇಸ್ತ್ರಿಯಕ್ಕ ಬೈಯುತ್ತಲೇ ಇದ್ದಳು. ಹೊದಿಕೆ ಮುಗಿದ ಮೇಲೆ ಹಗ್ಗದ ಮೇಲಿನ ಇನ್ನೊಂದು. ಅತ್ತಿಗೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಂದು ಸಲವೂ ತಲೆ ಅಡ್ಡಡ್ಡ ಆಡಿಸಲಿಲ್ಲ.

ಮಾತು ತೀರಿತು. ಇಬ್ಬರೂ ಮಡಚಿದ ಬಟ್ಟೆಯ ಎರಡು ಕಡೆ ನಿಂತಿದ್ದರು. ಅತ್ತಿಗೆ ಸ್ಲೇಟನ್ನು ಚರ್ಚಿನಲ್ಲೇ ಬಿಟ್ಟು ಬಂದಿದ್ದಳು. ದನಿಯಿಲ್ಲದೆ, ತುಟಿ ಮಾತ್ರ ಆಡಿಸಿ ನಿಧಾನವಾಗಿ ಹೇಳಿದಳು. ನಮ್ಮ ಲಾಂಡ್ರಿಯವರಿಗೆ ಅದನ್ನು ಓದಲು ಕಷ್ಟವೇ? ತಪ್ಪು ನನ್ನದು. ನೀನು ಹೇಳಿದ್ದು ನಿಜ. ಹೊಟ್ಟೆಗೆ ಹಾಕ್ಕೋ.

ಇಸ್ತ್ರಿಯಕ್ಕ ಆ ತುಟಿಯನ್ನೇ ನೋಡುತ್ತಿದ್ದಳು. ಮುಖ ಸ್ವಲ್ಪ ಸಡಿಲಾಯಿತು. ಆದರೂ ಅವಳು ಅಷ್ಟಕ್ಕೆ ಬಿಡುವವಳಲ್ಲ. "ಬೈದಿದ್ದು ಎಲ್ಲರ ಮುಂದೆ. ಕ್ಷಮೆ ಮಾತ್ರ ನಮ್ಮ ಮನೆ ಮುಂದೆನಾ?" ಎಂದಳು.

ಅತ್ತಿಗೆ ಯೋಚಿಸಲೂ ಇಲ್ಲ, ತಲೆಯಾಡಿಸಿದಳು. ಸರಿ ಎಂದು.

ಮಾರನೆಯ ಬೆಳಿಗ್ಗೆ ಬಾಯ್ಲರ್ ಪಕ್ಕದಲ್ಲಿ ಎಲ್ಲರೂ ಸೇರಿದ್ದರು. ಇಸ್ತ್ರಿಯಕ್ಕ ಬಾಗಿಲ ಹತ್ತಿರ, ಬೇಕಾದರೆ ಕೂಡಲೇ ಹೊರಟುಹೋಗುವವಳ ಹಾಗೆ ನಿಂತಿದ್ದಳು. ಅತ್ತಿಗೆ ಸ್ಲೇಟಿನ ಮೇಲೆ ಒಂದು ಸಾಲು ಬರೆದು ನನ್ನ ಕೈಗೆ ಕೊಟ್ಟಳು. ನಾನು ಗಟ್ಟಿಯಾಗಿ ಓದಿದೆ. ಒರೆಸಿ ಇನ್ನೊಂದು ಸಾಲು ಬರೆದಳು. ಮತ್ತೆ ಓದಿದೆ. ಚಿಕ್ಕ ಸ್ಲೇಟು, ದುಂಡು ಅಕ್ಷರ. ಬಳಪದ ಕಿರ್ ಕಿರ್ ಸದ್ದು ಬಿಟ್ಟರೆ ಲಾಂಡ್ರಿಯಲ್ಲಿ ನಾನು ಅಷ್ಟು ಮೌನ ಎಂದೂ ಕೇಳಿರಲಿಲ್ಲ. "ಬಟ್ಟೆ ಸುಟ್ಟದ್ದು ಯಂತ್ರ." ಒರೆಸಿದಳು. "ಇವಳು ಹೇಳಲು ಬಂದಾಗ ನಾನು ಕೇಳಲಿಲ್ಲ." ಒರೆಸಿದಳು. "ತಿಳಿಯದೆ ತೀರ್ಪು ಕೊಟ್ಟೆ. ಎಲ್ಲರ ಮುಂದೆ ಅವಮಾನ ಮಾಡಿದೆ." ಮತ್ತೆ ಒರೆಸಿದಳು. "ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ." ಕೊನೆಯ ಸಾಲಿಗೆ ನನ್ನ ದನಿಯೂ ಕೈಕೊಟ್ಟಿತು. ಅದನ್ನು ಬಾಯ್ಲರ್ ಮಾಮ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು. "ಇನ್ನು ಮುಂದೆ ಯಾರನ್ನೂ, ಇನ್ನಿಬ್ಬರ ಜೊತೆ ಕೂತು ಅವರ ಮಾತು ಪೂರ್ತಿ ಕೇಳದೆ, ಈ ಬಾಗಿಲಿನಿಂದ ಆಚೆ ಕಳಿಸುವುದಿಲ್ಲ."

ಕೆಲಸಕ್ಕೆ ವಾಪಸು ಬಾ ಎಂದು ಅತ್ತಿಗೆ ಬರೆದು ತೋರಿಸಿದರೂ ಇಸ್ತ್ರಿಯಕ್ಕ ಅಂದೇ ಬರಲಿಲ್ಲ. ಅವಳಿಗೆ ಹೊಲಿಗೆಯ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. "ಅವರಿಗೆ ಮಾತು ಕೊಟ್ಟಿದ್ದೀನಿ, ಕೈಲಿರೋ ಬಟ್ಟೆ ಮುಗಿಸಿ ಬರ್ತೀನಿ" ಎಂದಳು. ಅವಳು ಬರುವವರೆಗೆ ಅತ್ತಿಗೆಗೆ ಯೋಚಿಸಲು ಸಮಯವಿತ್ತು. ಒಂದು ಸಂಜೆ ಅಮ್ಮನ ಮುಂದೆ ಸ್ಲೇಟು ಹಿಡಿದಳು. "ಮೋಶೆಯ ಮಾವ ಎಂಥವರನ್ನು ಆರಿಸಲು ಹೇಳಿದ?"

ಅಮ್ಮ ಆ ಸ್ಲೇಟನ್ನು ಗೆದ್ದ ಪದಕದ ಹಾಗೆ ದೂರ ಹಿಡಿದು, ಹತ್ತಿರ ಹಿಡಿದು ಓದಿದಳು. "ದೇವರಿಗೆ ಹೆದರೋರು, ಸುಳ್ಳು ಹೇಳದೋರು, ಕೈ ಚಾಚದೋರು. ನಿನ್ನ ಮಾತಿಗೆ ಹೂಂ ಅನ್ನೋರು ಅಂತ ಎಲ್ಲೂ ಇಲ್ಲ."

ಹೀಗೆ ಒಗೆಯುವ ಕಡೆಗೆ ಒಬ್ಬರು, ಮಡಚುವ ಕಡೆಗೆ ಆ ತಂಗಿ, ಯಂತ್ರಗಳಿಗೆ ಬಾಯ್ಲರ್ ಮಾಮ ಎಂದಾಯಿತು. ಬಾಯ್ಲರ್ ಮಾಮನಿಗೆ ಇದು ಕೇಳಿ ಆಶ್ಚರ್ಯ. "ದೇವರಿಗೆ ಹೆದರೋರು ಅಂದ್ರಲ್ಲ, ನಾನು ಆ ಪಟ್ಟಿಯಲ್ಲಿಲ್ಲ" ಎಂದರು. ಅತ್ತಿಗೆ ಬರೆದಳು. "ನನಗೆ ಹೆದರದೆ ನಿಜ ಹೇಳಿದವರು ನೀವೊಬ್ಬರೇ. ಉಳಿದದ್ದು ದೇವರು ನೋಡಿಕೊಳ್ಳಲಿ." ಇಸ್ತ್ರಿಯಕ್ಕ ಬಂದ ಮೇಲೆ ಇಸ್ತ್ರಿ ವಿಭಾಗ ಅವಳ ಕೈಗೆ ಹೋಯಿತು. ಸಣ್ಣ ಸಣ್ಣ ವಿಷಯಗಳನ್ನೆಲ್ಲ ಅವರವರೇ ತೀರಿಸಿ, ಬಗೆಹರಿಯದ್ದನ್ನು ಮಾತ್ರ ಅತ್ತಿಗೆಯ ಹತ್ತಿರ ತರಬೇಕು. ಮೊದಮೊದಲು ಎಡವಟ್ಟುಗಳಾದವು. ಇಬ್ಬರು ಮುಖ್ಯಸ್ಥರು ಒಂದೇ ಗಾಡಿಗಾಗಿ ಕಿತ್ತಾಡಿದರು. ನಮಗೆ ಬಟ್ಟೆ ಕೊಡುತ್ತಿದ್ದ ಒಂದು ಹೋಟೆಲಿನವರು ನಮ್ಮ ಗೊಂದಲ ತಾಳಲಾರದೆ ಬೇರೆ ಕಡೆ ಹೋಗಿಯೇಬಿಟ್ಟರು, ಮತ್ತೆ ಬರಲಿಲ್ಲ. ಅತ್ತಿಗೆಗೆ ಕೈ ತುರಿಸುತ್ತಿತ್ತು. ಎದ್ದು ಹೋಗಿ ತಾನೇ ತೀರಿಸಿಬಿಡಬೇಕೆನಿಸುತ್ತಿತ್ತು. ಬಾಗಿಲ ತನಕ ಹೋಗಿ ವಾಪಸು ಬಂದು ಕುಳಿತದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಡಾಕ್ಟರು ಮತ್ತೆ ಕೊಳವೆ ಇಳಿಸಿದಾಗ ಗಂಟುಗಳು ಬಹಳ ಮಟ್ಟಿಗೆ ಕರಗಿದ್ದವು. ಕತ್ತರಿ ಬೇಡ ಎಂದರು. ದನಿ ಬಂತು, ಆದರೆ ಹಳೆಯದಲ್ಲ. ತಗ್ಗಿದ, ಸ್ವಲ್ಪ ಒರಟಾದ, ಹತ್ತಿರ ನಿಂತವರಿಗೆ ಮಾತ್ರ ಕೇಳಿಸುವ ದನಿ. ಚರ್ಚಿನಲ್ಲಿ ಮುಂದಿನ ಸಾಲು ಬಿಟ್ಟು ಕೆಳದನಿಯ ಹೆಂಗಸರ ಜೊತೆ ನಿಲ್ಲಬೇಕಾಯಿತು. ಮೊದಲ ವಾರ ಅವಳಿಗೆ ಅಳು. "ಹಾಡಿನಲ್ಲಿ ಈ ಸ್ವರವೂ ಇತ್ತು ಅಂತಲೇ ನನಗೆ ಗೊತ್ತಿರ್ಲಿಲ್ಲ ಕಣೇ. ನನ್ನದೇ ದನಿಯಲ್ಲಿ ಇಷ್ಟು ವರ್ಷ ಏನೂ ಕೇಳಿಸ್ತಿರ್ಲಿಲ್ಲ" ಎಂದು ಎರಡನೆಯ ವಾರ ನನ್ನ ಹತ್ತಿರ ಹೇಳಿದಳು.

ಪೂರ್ತಿ ಬದಲಾದಳೆಂದರೆ ಸುಳ್ಳಾಗುತ್ತದೆ. ಈಗಲೂ ಮಾತಿನ ನಡುವೆ ಬಾಯಿ ಹಾಕುತ್ತಾಳೆ. ಹಾಕಿದರೆ ಇಸ್ತ್ರಿಯಕ್ಕ ಮಾತು ನಿಲ್ಲಿಸಿ, ಕೈಕಟ್ಟಿ, ಮೇಲೆ ಸೂರು ನೋಡುತ್ತಾ ನಿಲ್ಲುತ್ತಾಳೆ. ಅತ್ತಿಗೆ "ಆಯ್ತಮ್ಮಾ, ಆಯ್ತು. ನಿಮ್ಮಜ್ಜಿಯಿಂದ ಶುರು ಮಾಡು" ಎಂದು ಕುರ್ಚಿ ಎಳೆದುಕೊಳ್ಳುತ್ತಾಳೆ.

ಹೋದ ವಾರದ ಮಾತು. ಅತ್ತಿಗೆ ಗಂಟಲು ತೋರಿಸಲು ಹೋಗಿದ್ದಳು. ಇತ್ತ ನೀರಿನ ಮುಖ್ಯ ಕೊಳವೆ ಒಡೆದು ಲಾಂಡ್ರಿಯ ಅರ್ಧ ನೆಲ ಕೆರೆಯಾಯಿತು. ಫೋನು ಮಾಡೋಣವೆಂದು ನಾನು ಕೈಗೆತ್ತಿಕೊಂಡೆ. ಇಸ್ತ್ರಿಯಕ್ಕ ಬೇಡವೆಂದಳು. ಬಾಯ್ಲರ್ ಮಾಮ ಪ್ಯಾಂಟು ಮಡಚಿ ನೀರಿಗಿಳಿದರು, ಮಡಚುವವರೆಲ್ಲ ಒಗೆದ ಬಟ್ಟೆಯನ್ನು ಮೇಲಿನ ಮೆಟ್ಟಿಲಿಗೆ ಸಾಗಿಸಿದರು, ನಮ್ಮ ಮನೆಯ ಊಟದ ಮೇಜೂ ಅಮ್ಮನ ಮಂಚವೂ ಮಡಚುವ ಮೇಜಾದವು. ಆಸ್ಪತ್ರೆಯ ಬಟ್ಟೆ ಸ್ವಲ್ಪ ತಡವಾದರೂ ಹೊರಟಿತು. ಅತ್ತಿಗೆ ಬಂದಾಗ ನೆಲ ಒರೆಸಿ ಆಗಿತ್ತು. ಎಲ್ಲ ಕೇಳಿದಳು, ಎಲ್ಲ ಕಡೆ ಒಂದು ಸುತ್ತು ಹಾಕಿದಳು. ಮಾಡಲು ಏನೂ ಉಳಿದಿರಲಿಲ್ಲ. ಮುಖ ಸಪ್ಪಗಾಯಿತು.

"ನನ್ನನ್ನ ಕರೀಲೇ ಇಲ್ವಲ್ಲ" ಎಂದಳು ನನ್ನ ಹತ್ತಿರ ಮೆಲ್ಲಗೆ.

"ಬೇಕಾಗ್ಲಿಲ್ಲ ಅತ್ತಿಗೆ."

ಸ್ವಲ್ಪ ಹೊತ್ತು ಕೌಂಟರಿಗೆ ಒರಗಿ ನಿಂತಳು. ಇಸ್ತ್ರಿಯಕ್ಕ ಹೊಸದಾಗಿ ಸೇರಿದವಳೊಬ್ಬಳಿಗೆ ಏನನ್ನೋ ತಾಳ್ಮೆಯಿಂದ ವಿವರಿಸುತ್ತಿದ್ದಳು. ಮಡಚುವ ತಂಗಿ ಯಾರದೋ ಜೋಕಿಗೆ ನಗುತ್ತಿದ್ದಳು. ಅತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು, ಒದ್ದೆ ಮೆಟ್ಟಿಲು ಹತ್ತಿ ಮೇಲೆ ಹೋದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಆ ಮನೆ ಅದುವರೆಗೂ ಕಂಡಿರಲಿಲ್ಲ. ಆ ಮಧ್ಯಾಹ್ನ ಮಲಗಿದಳು. ನಾನು ಚಹಾ ತೆಗೆದುಕೊಂಡು ಹೋದಾಗ ಅಮ್ಮ ಕಿಟಕಿಯ ಹತ್ತಿರದಿಂದ ಕೈಸನ್ನೆ ಮಾಡಿ ತಡೆದಳು.

"ಎಬ್ಬಿಸ್ಬೇಡ. ತನ್ನ ಪ್ರೀತಿಯೋರಿಗೆ ದೇವರು ನಿದ್ದೆ ಕೊಡ್ತಾನೆ. ಚಹಾ ನನಗೆ ಕೊಡು."